ಬನಶಂಕರಿಗೆ ಬಂದ ಸಿಳ್ಳಾರ

ಜನವರಿಯ ಒಂದು ಬೆಳಗಿನ ಜಾವ. ಅಮ್ಮ ವಾಕಿಂಗ್‌ಗೆ ಹೊರಟು ಗೇಟಿನ ಚಿಲಕ ಎಳೆದ ಸದ್ದಿಗೆ ಎಚ್ಚರವಾಯಿತು. ಮತ್ತೆ ಮುಸುಕು ಹಾಕಿಕೊಳ್ಳುವಷ್ಟರಲ್ಲಿ ಕೇಳಿಸಿತು ನೋಡಿ, ಸಿಳ್ಳೆ! ಯಾರೋ ಹುಡುಗ ಸ್ಕೂಲಿಗೆ ಹೋಗೋಕೆ ಮನಸ್ಸಿಲ್ಲದೆ, ರಾಗ ಗೀಗ ಒಂದೂ ಗೊತ್ತಿಲ್ಲದೆ, ದಾರಿಯುದ್ದಕ್ಕೂ ಸುಮ್ನೆ ಊದಿಕೊಂಡು ಹೋಗುವ ಹಾಗೆ. ಆದರೆ ಇದು ಹುಡುಗ ಅಲ್ಲ. ಸಿಳ್ಳಾರ, ಮಲಬಾರ್ ವಿಸ್ಲಿಂಗ್ ಥ್ರಶ್! ಆಗುಂಬೆಯ ಮಳೆಯಲ್ಲಿ ನಾನೇ ಕೇಳಿದ್ದೇನೆ. ಇಂಗ್ಲಿಷಿನವರು ಇದನ್ನು ಸಿಳ್ಳೆ ಹಾಕೋ ಸ್ಕೂಲ್ ಹುಡುಗ ಅಂತಲೇ ಕರೆಯುತ್ತಾರೆ.

ಪಶ್ಚಿಮ ಘಟ್ಟದ ಹಳ್ಳ, ಜಲಪಾತದ ಬಂಡೆಗಳ ಹಕ್ಕಿ ಅದು. ಏಡಿ, ಕಪ್ಪೆ, ಬಸವನಹುಳು ತಿಂದುಕೊಂಡು ನೀರಿನ ಪಕ್ಕದಲ್ಲೇ ಇರುತ್ತದೆ. ಬೆಂಗಳೂರಿನ ಬನಶಂಕರಿಯಲ್ಲಿ ಹಳ್ಳ ಎಲ್ಲಿ ಬಂತು? ಹಿಂದಿನ ರಸ್ತೆಯಲ್ಲಿ ರಾಜಕಾಲುವೆ ಇದೆಯಲ್ಲ, ಅಂತ ನನಗೆ ನಾನೇ ಹೇಳಿಕೊಂಡೆ.

ಬೈನಾಕ್ಯುಲರ್ ಹಿಡಿದು ತಾರಸಿಗೆ ಓಡಿದೆ. ಕತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ಕುತ್ತಿಗೆಗೆ ಸಿಕ್ಕಿತು. ಸುಧಾರಿಸಿಕೊಂಡು ಎದುರಿನ ಹೊಂಗೆ ಮರದ ಕಡೆ ಬೈನಾಕ್ಯುಲರ್ ತಿರುಗಿಸಿದರೆ, ಮರದ ಹಿಂದೆಯೇ ಎದುರುಮನೆ ಆಂಟಿಯ ಅಡುಗೆಮನೆ ಕಿಟಕಿ, ಕಿಟಕಿಯಲ್ಲಿ ಆಂಟಿ. ಕಿಟಕಿ ದಢಾರ್ ಅಂತ ಮುಚ್ಚಿಕೊಂಡಿತು. ಅವತ್ತಿನಿಂದ ಅವರು ನನ್ನ ಹೆಂಡತಿಯ ಹತ್ತಿರ ಮಾತ್ರ ಮಾತಾಡುತ್ತಾರೆ, ಅದೂ ಕನಿಕರದಿಂದ.

ಹಕ್ಕಿ ಕಾಣಲಿಲ್ಲ. ಆದರೆ ಮರುದಿನವೂ ಕೂಗಿತು, ಅದರ ಮರುದಿನವೂ. ತಡೆಯಲಾಗದೆ ಹಕ್ಕಿ ನೋಡುವ ನಾಲ್ಕು ಗೆಳೆಯರಿಗೆ ಹೇಳಿಬಿಟ್ಟೆ. ಭಾನುವಾರ ಫಿರಂಗಿಯಂಥ ಲೆನ್ಸ್ ಹೊತ್ತು ಬಂದು ಕೂತರು. ಸೊಳ್ಳೆ ಕಚ್ಚಿಸಿಕೊಂಡಿದ್ದೇ ಬಂತು, ಸಿಳ್ಳಾರ ಉಸಿರೆತ್ತಲಿಲ್ಲ. ಪಾಪ, ಸೋಮವಾರ ಮತ್ತೆ ಬಂದರು. ಸರಿಯಾಗಿ 5:30ಕ್ಕೆ ಸಿಳ್ಳೆ! ನಾನು ಕುಣಿದುಬಿಟ್ಟೆ. 5:40ಕ್ಕೆ ಮತ್ತೆ. 5:50ಕ್ಕೆ ಮತ್ತೆ.

ಗುಂಪಿನ ಹಿರಿಯರೊಬ್ಬರು ವಾಚ್ ನೋಡಿಕೊಂಡರು. "ಏನ್ರೀ, ಇದು ಹಾಡೋದು ಮಳೆಗಾಲದಲ್ಲಿ ಜಾಸ್ತಿ, ಚಳಿಗಾಲದಲ್ಲಿ ಹೆಚ್ಚಾಗಿ ತೆಪ್ಪಗಿರತ್ತೆ. ನಿಮ್ಮದು ಜನವರಿಯಲ್ಲಿ, ಹತ್ತತ್ತು ನಿಮಿಷಕ್ಕೆ, ಭಾನುವಾರ ರಜ ಬೇರೆ. ಬ್ಯಾಂಕಲ್ಲಿ ಕೆಲಸನಾ ಅದಕ್ಕೆ?"

ಹಾಡು ಬರುತ್ತಿದ್ದದ್ದು ನಮ್ಮದೇ ಅಡುಗೆಮನೆಯ ಕಿಟಕಿಯಿಂದ. ಅಲ್ಲಿ ಚಾರ್ಜಿಗೆ ಹಾಕಿದ್ದ ನನ್ನ ಹಳೇ ಫೋನು. ಹೊಸದು ಕೊಂಡಮೇಲೆ ಅಮ್ಮನಿಗೆ ಕೊಟ್ಟಿದ್ದೆ. ಆಗುಂಬೆಯಲ್ಲಿ ರೆಕಾರ್ಡ್ ಮಾಡಿದ ಸಿಳ್ಳೆಯನ್ನು ಆಫೀಸಿನ ದಿನಗಳಿಗೆ ಅಲಾರಂ ಮಾಡಿಟ್ಟಿದ್ದವನು ನಾನೇ. ಮೂರು ವರ್ಷದಲ್ಲಿ ಒಂದು ದಿನವೂ ಅದಕ್ಕೆ ಎದ್ದವನಲ್ಲ, ಇನ್ನು ಗುರುತು ಹೇಗೆ ಸಿಗಬೇಕು ಹೇಳಿ!

ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ಅಮ್ಮ, ತಾರಸಿ ತುಂಬ ಜನ ನೋಡಿ ಗಾಬರಿಯಾದಳು. ವಿಷಯ ಕೇಳಿದ ಮೇಲೆ, "ಅಯ್ಯೋ, ಅದಾ? ಯಾವನೋ ಹುಡುಗ ಸಿಳ್ಳೆ ಹಾಕ್ತಾನೆ ಅಂತ ನಾನು ಶನಿವಾರ ಪೇಪರ್‌ನವನಿಗೆ ಬೈದುಬಿಟ್ಟೆ ಕಣೋ" ಅಂದಳು. ಶನಿವಾರ ಆ ಅಲಾರಂ ಹೊಡೆಯುವುದೇ ಇಲ್ಲ. ಹಾಗಾದರೆ ಅವತ್ತು ಸಿಳ್ಳೆ ಹಾಕಿದ್ದು ಯಾರು?

ನಾನು ಕೇಳೋಕೆ ಹೋಗಲಿಲ್ಲ. ಆ ಹಿರಿಯರು ಈಗಲೂ ರಾತ್ರಿ ಮೆಸೇಜ್ ಮಾಡುತ್ತಾರೆ: "ನಾಳೆ ಬರಲಾ? ಹಕ್ಕಿಗೆ ಚಾರ್ಜ್ ಇದೆಯಾ?"