ಹಿಮ ಬೀಳುವ ಮುನ್ನ ಕುಲಾವಿ

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಡಿಸೆಂಬರಿನಲ್ಲಿ ಸ್ಕೀಯಿಂಗ್ ಮಾಡಲು ಮನಾಲಿಗೆ ಹೊರಡುವುದೆಂದು ನಿಶ್ಚಯವಾದದ್ದೇ ತಡ, ನವೆಂಬರಿನಿಂದಲೇ ಹಿಮಾಲಯವು ರಟ್ಟಿನ ಪೆಟ್ಟಿಗೆಗಳಲ್ಲಿ ಬೆಂಗಳೂರಿಗೆ ಬಂದಿಳಿಯತೊಡಗಿತು. ಟ್ಯಾಕ್ಸಿ ಬಾಡಿಗೆ ಹಂಚಿಕೊಳ್ಳಲು ಒಬ್ಬ ಬೇಕಾಗಿತ್ತು. ಹಾಗಾಗಿ ನಾನೂ ಹೊರಟೆ.

ಅವರ ಜಾಕೆಟ್ 800 ಫಿಲ್ ಪವರ್‌ನದು. ಒಂದು ಔನ್ಸ್ ಪುಕ್ಕ ಎಷ್ಟು ಘನ ಇಂಚು ಉಬ್ಬುತ್ತದೆ ಎಂಬ ಲೆಕ್ಕವಂತೆ. ಮಂಡಿಯ ಶಕ್ತಿ ಅಳೆಯಲು ಇಂಥದೊಂದು ಲೆಕ್ಕವನ್ನು ಯಾರೂ ಕಂಡುಹಿಡಿಯದಿರುವುದು ಅವರ ಪುಣ್ಯ. ಪ್ಯಾಂಟು 20,000 ಮಿಲಿಮೀಟರಿನದು. ಇಪ್ಪತ್ತು ಮೀಟರ್ ಎತ್ತರದ ನೀರಿನ ಒತ್ತಡವನ್ನೂ ಅದು ತಡೆಯುತ್ತದಂತೆ. ಅಷ್ಟು ನೀರು ನಿಲ್ಲುವುದು ಹಿಮಾಲಯದಲ್ಲಲ್ಲ, ನಮ್ಮ ಅಂಡರ್‌ಪಾಸಿನಲ್ಲಿ ಎಂದೆ. ಅವರು ನಗಲಿಲ್ಲ.

1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಎಂಟು ಸಾವಿರ ಮೀಟರಿಗೂ ಮೇಲೆ ಸಿಕ್ಕಿತು, ಅವರು ತೊಟ್ಟಿದ್ದದ್ದು ರೇಷ್ಮೆ, ಹತ್ತಿ, ಉಣ್ಣೆ, ಮೇಲೊಂದು ಗ್ಯಾಬರ್ಡೀನ್ ಕೋಟು ಎಂದೂ ಹೇಳಿ ನೋಡಿದೆ.

“ಅದಕ್ಕೇ ಸತ್ತರು ನೋಡಿ ಸರ್” ಎಂದರು.

ಹೊಸ ಬೂಟನ್ನು ನಡೆದು ಪಳಗಿಸದಿದ್ದರೆ ಅಂಗಾಲಿನಲ್ಲಿ ಬೊಬ್ಬೆ ಏಳುತ್ತದೆ. ಈ ಮಾತು ನಿಜವೇ. ಆದ್ದರಿಂದ ಅವರು ದಿನಾ ಬೆಳಿಗ್ಗೆ ಬೂಟು ಬಿಗಿದುಕೊಂಡು ಹಾಲು ತರಲು ಹೋಗುತ್ತಿದ್ದರು, ಲಿಫ್ಟಿನಲ್ಲಿ. ಒಂದು ಭಾನುವಾರ ನಂದಿ ಬೆಟ್ಟದಲ್ಲಿ ಅಭ್ಯಾಸವೂ ನಡೆಯಿತು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಕಾರುಗಳ ಸಾಲಿನಲ್ಲಿ ಎರಡು ಗಂಟೆ ಕುಳಿತು, ಮೇಲೆ ಹೋಗಿ ಬಜ್ಜಿ ತಿಂದು ಬಂದರು. ಕೈಗಡಿಯಾರ 1,478 ಮೀಟರ್ ಎಂದು ತೋರಿಸಿತು. ಹತ್ತಿದ್ದು ಕಾರು, ಶಹಭಾಸ್‌ಗಿರಿ ಮಾತ್ರ ಮಣಿಕಟ್ಟಿಗೆ.

ಮನಾಲಿಯಲ್ಲಿ ಸರ್ಕಾರದ ಪರ್ವತಾರೋಹಣ ಸಂಸ್ಥೆಯೇ ಇದೆ. ಅಲ್ಲಿ ಸ್ಕೀಯಿಂಗಿನ ಪ್ರಾಥಮಿಕ ಪಾಠಕ್ಕೇ ಎರಡು ವಾರ ಹಿಡಿಯುತ್ತದೆ. ನಮ್ಮವರ ಪಟ್ಟಿಯಲ್ಲಿ ಸ್ಕೀಯಿಂಗಿಗೆ ಇದ್ದದ್ದು ಮಧ್ಯಾಹ್ನದ ಊಟಕ್ಕೆ ಮುಂಚಿನ ಒಂದು ಗಂಟೆ.

ಮನಾಲಿಯ ಹತ್ತಿರ ಸ್ಕೀಯಿಂಗ್ ನಡೆಯುವ ಸೋಲಂಗ್ ಕಣಿವೆಯ ದಾರಿಯಲ್ಲಿ, ದೊಡ್ಡದಾಗಿ ನಂಬರ್ ಬರೆದಿದ್ದ ಒಂದು ಅಂಗಡಿಯ ಮುಂದೆ ಡ್ರೈವರ್ ಕಾರು ನಿಲ್ಲಿಸಿದ. ಇಂಥ ಅಂಗಡಿಗಳು ಆ ರಸ್ತೆಯುದ್ದಕ್ಕೂ ಸಾಲಾಗಿವೆ. ಎಲ್ಲದರ ಮುಂದೆಯೂ ಬಣ್ಣಬಣ್ಣದ ಕೋಟುಗಳು ನೇತಾಡುತ್ತಿರುತ್ತವೆ. ಬಾಡಿಗೆಗೆ ಕೋಟು, ಗಮ್‌ಬೂಟು, ಕೈಗವಸು. ನಮ್ಮವರು ತಮ್ಮ ಜಾಕೆಟಿನ ಪೂರ್ವಾಪರವನ್ನೆಲ್ಲ ಹರಕು ಹಿಂದಿಯಲ್ಲಿ ವಿವರಿಸಿದರು. ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, “ಮೇಲೆ ಬಹಳ ಚಳಿ” ಎಂದಷ್ಟೇ ಹೇಳಿ ಒಂದು ಗುಲಾಬಿ ಕೋಟನ್ನು ಅವರ ಹೆಗಲಿಗೆ ಏರಿಸಿದ. 800 ಫಿಲ್ ಪವರ್ ಅದರೊಳಗೆ ಅಡಗಿಹೋಯಿತು. ಕೋಟಿಗೆ ನಾಲ್ಕಾರು ರಾಜ್ಯಗಳ ಬೆವರಿನ ವಾಸನೆ. ಜೇಬಿನಲ್ಲಿ ಒಂದಿಷ್ಟು ಕಡಲೆಕಾಯಿ ಸಿಪ್ಪೆ ಮತ್ತು ಯಾರೋ ಅರ್ಧ ಚೀಪಿ ಮತ್ತೆ ಕಾಗದದಲ್ಲಿ ಸುತ್ತಿಟ್ಟಿದ್ದ ಕೆಮ್ಮಿನ ಗುಳಿಗೆ. ನನ್ನದು ಹಳದಿ ಕೋಟು. ಜೇಬಿಗೆ ಕೈ ಹಾಕುವ ಧೈರ್ಯ ಮಾಡಲಿಲ್ಲ.

ಸೋಲಂಗಿನಲ್ಲಿ ಎಲ್ಲವೂ ಇತ್ತು: ಕುದುರೆ, ಮ್ಯಾಗಿ, ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳಲು ಮೊಲ. ಹಿಮವೊಂದಿರಲಿಲ್ಲ. ಇದೇನು ನಮ್ಮೊಬ್ಬರ ಹಣೆಬರಹವಲ್ಲ. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೇ ಹಿಮವಿಲ್ಲದೆ ಮಾರ್ಚಿಗೆ ಹೋಯಿತು. ಆಟಗಾರರು ಕಾದರು, ನಮಗೆ ಮರುದಿನ ವಿಮಾನವಿತ್ತು.

ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಆಚೆ ಬದಿಗೆ ಹೋದರೆ ಸಿಗಬಹುದು ಎಂದ ಡ್ರೈವರ್, ಇನ್ನಷ್ಟು ಹಣಕ್ಕೆ. ಸಿಕ್ಕಿತು. ಬಸ್ ನಿಲ್ದಾಣದಷ್ಟು ಅಗಲದ ಒಂದು ಬೂದು ಇಳಿಜಾರು, ಅದರ ಮೇಲೆ ಬಾಡಿಗೆ ಕೋಟು ತೊಟ್ಟ ಮುನ್ನೂರು ಜನ. ಸ್ಕೀ ಬೂಟು ಹಾಕಿಕೊಂಡರೆ ಕಾಲನ್ನು ಕಾಂಕ್ರೀಟಿನಲ್ಲಿ ನೆಟ್ಟಂತೆ. ಪಾದ ಮಡಚದು, ಕಣಕಾಲು ತಿರುಗದು. ತೊಡೆಯಲ್ಲಿ ಬಲವಿದ್ದವರು ಮುಂದಕ್ಕೆ ಬಾಗಿ ನಿಲ್ಲುತ್ತಾರೆ. ನಮ್ಮವರು ಎರಡು ಕೋಲುಗಳನ್ನೂ ಒನಕೆಯ ಹಾಗೆ ಎದೆಗವಚಿಕೊಂಡು ಕುಳಿತುಬಿಟ್ಟರು. ಇಪ್ಪತ್ತು ಸಾವಿರ ಮಿಲಿಮೀಟರ್ ಕೊನೆಗೂ ಕೆಲಸಕ್ಕೆ ಬಂತು.

ಅಲ್ಲಿನ ಹುಡುಗನೊಬ್ಬ, ಕೈಯಲ್ಲಿ ಹೆಣೆದ ಸ್ವೆಟರ್ ಮತ್ತು ಗಮ್‌ಬೂಟಿನಲ್ಲಿದ್ದವನು, ಅವರನ್ನು ಎಬ್ಬಿಸಿ ನಿಲ್ಲಿಸಿದ. ಕೋಲುಗಳ ತುದಿ ಹಿಡಿದು, ತಾನು ಹಿಮ್ಮುಖವಾಗಿ ಓಡುತ್ತಾ ಹತ್ತು ಮಾರು ಎಳೆದುಕೊಂಡು ಹೋದ. ಮದುವೆ ಮಂಟಪಕ್ಕೆ ಅಜ್ಜನನ್ನು ಕರೆತಂದಷ್ಟು ಜತನದಿಂದ. ಇನ್ನೊಬ್ಬ ಹುಡುಗ ವಿಡಿಯೋ ತೆಗೆದ. ಎಳೆಯುವವನು ಚೌಕಟ್ಟಿನೊಳಗೆ ಬಾರದ ಹಾಗೆ ತೆಗೆಯುವುದರಲ್ಲಿ ಅವನದು ಪಳಗಿದ ಕೈ. ಆಮೇಲೆ ಇಬ್ಬರೂ ಸ್ಕೀಗಳನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಗಿರಾಕಿಗಾಗಿ ಇಳಿಜಾರು ಹತ್ತಿ ಓಡಿದರು.

ಊರಿಗೆ ಬಂದ ವಾರಕ್ಕೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಕಟಣೆ ಬಂತು: ‘ಒಮ್ಮೆ ಮಾತ್ರ ಬಳಸಿದ್ದು.’ ಸಂಜೆಯೊಳಗೆ ಐದನೇ ಮಹಡಿಯವರು ಅಷ್ಟನ್ನೂ ಕೊಂಡುಕೊಂಡರು. ಅವರು ಸ್ಕೀಯಿಂಗಿಗೆ ಉತ್ತರಾಖಂಡದ ಔಲಿಗೆ ಹೊರಟಿದ್ದಾರೆ. ನಿನ್ನೆ ಬೆಳಿಗ್ಗೆ ಅದೇ ಬೂಟು ತೊಟ್ಟು, ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಲಿಫ್ಟಿನಲ್ಲಿ ಸಿಕ್ಕರು.

“ಅವರಿಗಿಂತ ನಿಮ್ಮದು ಎರಡು ಮಹಡಿ ಹೆಚ್ಚು. ಬೂಟು ಚೆನ್ನಾಗಿ ಪಳಗುತ್ತದೆ” ಎಂದೆ.