ಒಣಮೀನಿಗೂ ಪಾಸ್‌ಪೋರ್ಟ್ ಬೇಕು

ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಅಡ್ವಾನ್ಸಿನ ಮಾತು ಆಮೇಲೆ. ಮೊದಲ ಪ್ರಶ್ನೆ, "ನೀವು ಒಣಮೀನು ಸುಡ್ತೀರಾ?" ಹಸಿಮೀನಿಗೆ ಹೇಗೋ ಒಪ್ಪಿಗೆ ಸಿಕ್ಕೀತು, ಒಣಮೀನಿಗೆ ಮಾತ್ರ ಇಲ್ಲ. ಫ್ಲ್ಯಾಟುಗಳಲ್ಲಂತೂ ಅದು ಕ್ರಿಮಿನಲ್ ಕೇಸು. ನಮ್ಮ ಲಿಫ್ಟಿನೊಳಗೆ ಅಂಟಿಸಿದ ಸುತ್ತೋಲೆಯ ಪ್ರಕಾರ ಬಾಲ್ಕನಿಯಲ್ಲಿ ಸಿಗಡಿ ಒಣಗಿಸುವುದು "ಇತರ ನಿವಾಸಿಗಳಿಗೆ ನೀಡುವ ಮಾನಸಿಕ ಹಿಂಸೆ". ಜೂನ್ 1ರಿಂದ ಜುಲೈ 31ರ ತನಕ 61 ದಿನ ಟ್ರಾಲ್ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಹೊರಗೆ ಜಡಿಮಳೆ, ಒಳಗೆ ಕುಚ್ಚಲಕ್ಕಿ ಗಂಜಿ. ಅದರ ಬದಿಗೆ ಸುಟ್ಟ ಒಣ ನಂಗ್ ಮೀನು ಬೇಡ ಎಂದರೆ ಮತ್ತೆಂತ ಇಟ್ಟುಕೊಳ್ಳಬೇಕು? ಸುತ್ತೋಲೆ ಆ ಬಗ್ಗೆ ಮೌನವಾಗಿದೆ.

ಅದಕ್ಕೆ ಸಹಿ ಹಾಕಿದ ಕಾರ್ಯದರ್ಶಿಗಳು ಮೊನ್ನೆ ಸೋಮವಾರ ರಾತ್ರಿ ಕದ್ರಿ ಕಡೆಯ ಒಂದು ಜಪಾನಿ ಹೋಟೆಲಿನ ಜಗಲಿಯಲ್ಲಿ ಸಿಕ್ಕಿದರು. ಕೈಯಲ್ಲಿ ಟೋಕನ್, ಪಕ್ಕದಲ್ಲಿ ಅವರ ಭಾವ. ಮುಕ್ಕಾಲು ಗಂಟೆ ಕಾದಿದ್ದಾರಂತೆ, ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ. ಇದೇ ಮನುಷ್ಯ ರೇಷನ್ ಅಂಗಡಿಯಲ್ಲಿ ಐದು ನಿಮಿಷ ನಿಂತದ್ದಕ್ಕೆ ಪತ್ರಿಕೆಗೆ ಕಾಗದ ಬರೆದವರು. ಒಳಗೆ ಒಂದೇ ಟೇಬಲಿಗೆ ನಮ್ಮನ್ನು ಕೂರಿಸಿದರು.

ರಾಮೆನ್ ಬಂತು. ಕಂದು ಬಣ್ಣದ ಸಾರು, ಮೇಲೆ ಎಣ್ಣೆಯ ಚಿಕ್ಕ ಚಿಕ್ಕ ಕಣ್ಣುಗಳು, ಅಡಿಯಲ್ಲಿ ನೂಡಲ್ಸು, ಅರ್ಧ ಸೀಳಿದ ಮೊಟ್ಟೆ, ಹೆಚ್ಚಿದ ಈರುಳ್ಳಿ ಸೊಪ್ಪು. ನೆತ್ತಿಯ ಮೇಲೆ ಒಂದು ಚಿಟಿಕೆ ತೆಳ್ಳನೆಯ ಸಿಪ್ಪೆ, ಹಬೆ ತಾಗಿ ಜೀವ ಬಂದವರಂತೆ ಕುಣಿಯುತ್ತಿತ್ತು. ಕಾರ್ಯದರ್ಶಿಗಳು ಬಟ್ಟಲಿನ ಮೇಲೆ ಬಗ್ಗಿ ಕಣ್ಣು ಮುಚ್ಚಿದರು. "ಆಹಾ, ಎಂಥ ಪರಿಮಳ ಮಾರಾಯ್ರೆ! ಇದಕ್ಕೇ ಉಮಾಮಿ ಅನ್ನುವುದು."

ಹೌದು ಮಾರಾಯ್ರೆ. ಉಮಾಮಿ ಎಂದರೆ ಸಾರಿನಲ್ಲಿ ನಾಲಿಗೆಗೆ ಹತ್ತುವ ಆ ಗಾಢ ರುಚಿ. ಆ ಪರಿಮಳದ ಹೆಸರು ಕತ್ಸುವೊಬುಶಿ. ನಮ್ಮ ಮಲ್ಪೆ ಬಂದರಿನಲ್ಲಿ ಕೇದರ ಎಂದು ರಾಶಿ ಹಾಕುತ್ತಾರಲ್ಲ, ಆ ಟ್ಯೂನಾದ ದಾಯಾದಿ ಮೀನನ್ನು ಬೇಯಿಸಿ, ಮುಳ್ಳು ತೆಗೆದು, ಮತ್ತೆ ಮತ್ತೆ ಹೊಗೆ ಹಾಕಿ ಒಣಗಿಸುತ್ತಾರೆ. ಮೇಲ್ದರ್ಜೆಯದ್ದಾದರೆ ಬೂಷ್ಟು ಹಿಡಿಸಿ ಬಿಸಿಲಿಗಿಡುವುದನ್ನು ತಿಂಗಳುಗಟ್ಟಲೆ ನಡೆಸುತ್ತಾರೆ. ಕೊನೆಗೆ ಅದು ಮರದ ತುಂಡಿನಷ್ಟು ಗಟ್ಟಿಯಾಗಿ, ಬಡಗಿಯ ಉಜ್ಜುಗೊರಡಿನಂಥದ್ದರಲ್ಲಿ ಕೀಸಿದರೆ ಮಾತ್ರ ತಿನ್ನಲಿಕ್ಕೆ ಸಿಗುತ್ತದೆ. ನಮ್ಮ ಬಾಲ್ಕನಿಯಲ್ಲಿ ಇಷ್ಟೆಲ್ಲ ಮಾಡಿದರೆ ಅಗ್ನಿಶಾಮಕದವರು ಬಂದಾರು. ಸಾಲದ್ದಕ್ಕೆ, ಎಷ್ಟೋ ರಾಮೆನ್ ಅಂಗಡಿಗಳ ಸಾರಿಗೆ ನಿಬೋಶಿಯೂ ಬೀಳುತ್ತದೆ. ಅದು ಇಡಿಯಾಗಿ ಒಣಗಿಸಿದ ಪುಟ್ಟ ಮೀನು. ನಮ್ಮ ಸಂತೆಯಲ್ಲಿ ಅದರ ಜಾತಿಯವು ಗೋಣಿಯ ಮೇಲೆ ಕೂತಿರುತ್ತವೆ, ಹಾದು ಹೋಗುವವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ.

1908ರಲ್ಲಿ ಕಿಕುನಾಯೆ ಇಕೆದಾ ಎಂಬ ಪ್ರೊಫೆಸರರು ಕಡಲಪಾಚಿಯ ಸಾರಿನಿಂದ ಈ ಉಮಾಮಿ ರುಚಿಯ ಮೂಲವನ್ನು ಬೇರ್ಪಡಿಸಿದರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಒಣಮೀನಿನೊಳಗಿನದ್ದನ್ನು ಹುಡುಕಿಕೊಟ್ಟರು. ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಗುರುಶಿಷ್ಯರಲ್ಲಿ ಒಬ್ಬರಾದರೂ ಹಡಗು ಹತ್ತಿ ಇಲ್ಲಿಗೆ ಬಂದು, ಕೆಂಡದಲ್ಲಿ ಹುರಿದ ಸಿಗಡಿಗೆ ತೆಂಗಿನಕಾಯಿ, ಹುಣಸೆ, ಮೆಣಸು ಹಾಕಿ ಅರೆದ ಚಟ್ನಿ ನೆಕ್ಕಿ ಹೋಗಿದ್ದರೆ ನಮ್ಮ ಲಿಫ್ಟಿನ ಗೋಡೆ ಈಗ ಖಾಲಿ ಇರುತ್ತಿತ್ತು.

ರೇಟು 650, ಜಿಎಸ್‌ಟಿ ಬೇರೆ. ರಾಮೆನ್ ಚೀನಾದ ನೂಡಲ್ಸಿನಿಂದ ಹುಟ್ಟಿ, 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ತೆರೆದ ರೈರೈಕೆನ್ ಎಂಬ ಅಂಗಡಿಯಿಂದ ಜನಪ್ರಿಯವಾದದ್ದು. ಕೂಲಿಯವರೂ ವಿದ್ಯಾರ್ಥಿಗಳೂ ಗಡಿಬಿಡಿಯಲ್ಲಿ ಸುರ್ ಎಂದು ಎಳೆದು ಎದ್ದು ಹೋಗುವ ಊಟ. ಒಂದು ಬಟ್ಟಲಿಗೆ 1000 ಯೆನ್ ದಾಟಿಸಲು ಅಲ್ಲಿನ ಎಷ್ಟೋ ಅಂಗಡಿಯವರು ಇಂದಿಗೂ ಹೆದರುತ್ತಾರೆ, ಗಿರಾಕಿ ಸಿಟ್ಟಾಗುತ್ತಾನೆಂದು. ನಮ್ಮಲ್ಲಿ ಸುರ್ ಎಂದು ಎಳೆಯುವುದಕ್ಕೆ ಗೋಡೆಯ ಮೇಲೆ ಸಚಿತ್ರ ಪಾಠ ಉಂಟು. ಗಂಜಿಯನ್ನು ಹಾಗೆ ಎಳೆದದ್ದಕ್ಕೆ ಅಜ್ಜಿಯಿಂದ ಪೆಟ್ಟು ತಿಂದ ತಲೆಮಾರು ಅದನ್ನು ಶ್ರದ್ಧೆಯಿಂದ ಓದುತ್ತಿತ್ತು. ಪಕ್ಕದ ಟೇಬಲಿನ ಹುಡುಗಿಯರ ರೀಲ್ಸ್ ಮುಗಿಯುವಷ್ಟರಲ್ಲಿ ನೂಡಲ್ಸು ಉಬ್ಬಿ ಸಾರನ್ನು ಕುಡಿದಾಗಿತ್ತು.

ಭಾವನದ್ದು ಸೋಮವಾರದ ನಿಯಮ, ಮೀನು ಮಾಂಸ ಮುಟ್ಟುವುದಿಲ್ಲ. ಮಿಸೊ ಎಂದರೆ ಸೋಯಾ ಕಾಳು ಎಂದು ಕೇಳಿ ಅದನ್ನೇ ಹೇಳಿದ್ದರು. ಮೊಟ್ಟೆಯನ್ನು ಸ್ಪೂನಿನಲ್ಲಿ ಎತ್ತಿ ಕಾರ್ಯದರ್ಶಿಗಳ ಬಟ್ಟಲಿಗೆ ದಾಟಿಸಿದರು. ಆಮೇಲೆ ಆ ಸಿಪ್ಪೆಯ ಮೇಲೆ ಕಣ್ಣು ಬಿತ್ತು.

"ತಮ್ಮಾ, ಈ ಕುಣಿಯುವುದು ಎಂಥದು?"

"ಫಿಶ್ ಫ್ಲೇಕ್ಸ್ ಸರ್. ಸೂಪಿನಲ್ಲೂ ಅದೇ."

ಭಾವ ಗಾಬರಿಯಾಗಿ ಕಾರ್ಯದರ್ಶಿಗಳ ಮುಖ ನೋಡಿದರು. ಕಾರ್ಯದರ್ಶಿಗಳು ಸುತ್ತೋಲೆಗೆ ಸಹಿ ಹಾಕುವಷ್ಟೇ ಗಾಂಭೀರ್ಯದಿಂದ ಹೇಳಿದರು:

"ತಿನ್ನಿ ಭಾವ. ಫ್ಲೇಕ್ಸ್ ಅದು, ಒಣಗಿಸಿದ್ದು. ಒಣಗಿದ ಮೇಲೆ ಮೀನು ಎಲ್ಲಿಂದ ಬಂತು?"