‘ಕೊಂಡು ಓದಿ’ ಅನ್ನುವವರ ಜೊತೆ ಒಂದು ಸಣ್ಣ ತಕರಾರು

ನಮ್ಮಲ್ಲಿ ಪುಸ್ತಕ ಬಿಡುಗಡೆ ಅಂದರೆ ವೇದಿಕೆ ಮೇಲಿನ ಯಾರಾದರೊಬ್ಬರು ‘ಕನ್ನಡ ಪುಸ್ತಕ ಕೊಂಡು ಓದಿ’ ಅಂತ ಹೇಳಿಯೇ ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ನನಗೆ ಈ ಮಾತಿನ ಮೇಲೆ ಯಾಕೋ ಸ್ವಲ್ಪ ಮುನಿಸು. ಸೂಸನ್ ಆರ್ಲಿಯನ್ ಅವರನ್ನು ಓದಿದ ಮೇಲಂತೂ ಅದು ಜಾಸ್ತಿಯೇ ಆಗಿದೆ.

ಆರ್ಲಿಯನ್ ಅಮೆರಿಕದವರು. ಕಟ್ಟುಕಥೆ ಅವರ ದಾರಿಯಲ್ಲ, ನಡೆದದ್ದನ್ನು ಬರೆಯುವವರು. 1992ರಿಂದ ‘ನ್ಯೂಯಾರ್ಕರ್’ ಪತ್ರಿಕೆಯ ಬರಹಗಾರ್ತಿ. ಫ್ಲಾರಿಡಾದ ಜೌಗು ಕಾಡಿನಿಂದ ಆರ್ಕಿಡ್ ಕದ್ದು ಸಿಕ್ಕಿಬಿದ್ದವನೊಬ್ಬನ ಬಗ್ಗೆ ಬರೆದ ಪುಸ್ತಕ 2002ರಲ್ಲಿ ಸಿನಿಮಾ ಆಯಿತು, ಇವರ ಪಾತ್ರ ಮಾಡಿದ್ದು ಮೆರಿಲ್ ಸ್ಟ್ರೀಪ್. ಅದಿರಲಿ. ನಾನು ಹೇಳಹೊರಟಿದ್ದು 2018ರ ‘ದಿ ಲೈಬ್ರರಿ ಬುಕ್’ ಬಗ್ಗೆ.

ಅವರು ಹುಟ್ಟಿದ್ದು 1955ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ. ಯಹೂದಿ ಮನೆತನ. ಅಮ್ಮನ ಕಡೆಯವರು ಹಂಗೇರಿಯವರು, ಅಪ್ಪನ ಕಡೆಯವರು ಪೋಲೆಂಡಿನವರು. ಅಪ್ಪ ವಕೀಲರು, ವ್ಯವಹಾರವೂ ಇತ್ತು. ಅನುಕೂಲಸ್ಥರೇ. ಆದರೂ ಮನೆಗೆ ಪುಸ್ತಕ ಕೊಂಡು ತರುವುದು ಅಪರೂಪ. 1930ರ ದಶಕದ ಆರ್ಥಿಕ ಕುಸಿತ ಕಂಡು ಬೆಳೆದವರು ಅಪ್ಪ, ಅಮ್ಮ ಇಬ್ಬರೂ. ಪುಸ್ತಕ ಇರುವುದು ಓದಲಿಕ್ಕೆ, ಇಟ್ಟುಕೊಳ್ಳಲಿಕ್ಕಲ್ಲ. ಲೈಬ್ರರಿಯಲ್ಲಿ ಪುಕ್ಕಟೆ ಸಿಗುವಾಗ ದುಡ್ಡು ಯಾಕೆ ದಂಡ ಮಾಡಬೇಕು ಅನ್ನುವ ಲೆಕ್ಕ.

ಹಾಗಾಗಿ ವಾರದಲ್ಲಿ ಹಲವು ಸಲ ಅಮ್ಮ, ಮಗಳು ಕ್ಲೀವ್‌ಲ್ಯಾಂಡ್ ಪಕ್ಕದ ಶೇಕರ್ ಹೈಟ್ಸ್‌ನ ಬರ್ಟ್ರಂ ವುಡ್ಸ್ ಲೈಬ್ರರಿ ಶಾಖೆಗೆ ಹೋಗುತ್ತಿದ್ದರು. ಬಾಗಿಲು ದಾಟಿದ ಕೂಡಲೇ ಇಬ್ಬರೂ ತಮ್ಮ ತಮ್ಮ ಕಪಾಟಿನ ಕಡೆ. ಮತ್ತೆ ಸೇರುತ್ತಿದ್ದದ್ದು ಪುಸ್ತಕ ಬರೆಸುವ ಕೌಂಟರ್ ಹತ್ತಿರ. ಅಂಗಡಿಗೆ ಹೋದರೆ ಅದು ಬೇಕು, ಅದು ಬೇಡ ಅಂತ ಜಗ್ಗಾಟ. ಇಲ್ಲಿ ಅದಿಲ್ಲ. ಬೇಕಾದ್ದನ್ನೆಲ್ಲ ಮಗು ತಾನೇ ಆರಿಸಿಕೊಳ್ಳಬಹುದು. ವಾಪಸ್ ಬರುವಾಗ ಅಮ್ಮ ಪ್ರತಿ ಸಲವೂ, ತನಗೆ ಬೇಕಾದ ಕೆಲಸ ಆರಿಸಿಕೊಳ್ಳುವ ಹಾಗಿದ್ದಿದ್ದರೆ ಲೈಬ್ರರಿಯನ್ನೇ ಸೇರುತ್ತಿದ್ದೆ ಅನ್ನುತ್ತಿದ್ದರಂತೆ.

ತಮಾಷೆ ಅಂದರೆ ಕಾಲೇಜಿಗೆ ಹೋದ ಮಗಳು ಪೂರ್ತಿ ಉಲ್ಟಾ. ಪುಸ್ತಕ ಕೊಂಡದ್ದೇ ಕೊಂಡದ್ದು, ಲೈಬ್ರರಿ ಮರೆತೇಹೋಯಿತು. ಮತ್ತೆ ನೆನಪಾಗಿದ್ದು 2011ರಲ್ಲಿ ಲಾಸ್ ಏಂಜಲೀಸ್‌ಗೆ ಮನೆ ಬದಲಾಯಿಸಿದಾಗ. ನಗರಾಡಳಿತದ ನೌಕರರೊಬ್ಬರನ್ನು ಸಂದರ್ಶಿಸಿ ಬಾ ಅಂತ ಒಂದನೇ ಕ್ಲಾಸಿನ ಮಗನಿಗೆ ಹೋಂವರ್ಕ್ ಕೊಟ್ಟಿದ್ದರು. ಅವನು ಲೈಬ್ರರಿಯನ್ ಬೇಕು ಅಂದ.

ಆಮೇಲೆ ಅಲ್ಲಿನ ಕೇಂದ್ರ ಗ್ರಂಥಾಲಯ ನೋಡಲು ಹೋದಾಗ, ಜೊತೆಗಿದ್ದವರು ಒಂದು ಪುಸ್ತಕ ತೆಗೆದು, ಮುಖಕ್ಕೆ ಹಿಡಿದು ಮೂಸಿದರು. ಕೆಲವು ಪುಸ್ತಕಗಳಲ್ಲಿ ಇನ್ನೂ ಹೊಗೆ ವಾಸನೆ ಇದೆ ಅಂದರು. ಹಿಂದೆ ಇಲ್ಲಿ ಸಿಗರೇಟು ಸೇದಲು ಬಿಡುತ್ತಿದ್ದರೇನೋ ಅಂತ ಇವರು ಅಂದುಕೊಂಡರೆ, ಅದು ಬೆಂಕಿಯ ವಾಸನೆ. 1986ರ ಏಪ್ರಿಲ್ 29ರಂದು ಆ ಕಟ್ಟಡ ಏಳು ಗಂಟೆಗೂ ಹೆಚ್ಚು ಹೊತ್ತು ಉರಿದಿತ್ತು. ಸುಮಾರು 4 ಲಕ್ಷ ಪುಸ್ತಕ ಬೂದಿ. ಇನ್ನೂ 7 ಲಕ್ಷ ಹೊಗೆಗೆ, ನೀರಿಗೆ ಸಿಕ್ಕಿ ಹಾಳು. ಅದೇ ವಾರ ಎಲ್ಲೆಲ್ಲೂ ಚೆರ್ನೋಬಿಲ್ ಅಣುಸ್ಥಾವರ ದುರಂತದ ಸುದ್ದಿ. ಹಾಗಾಗಿ ನ್ಯೂಯಾರ್ಕಿನಲ್ಲಿದ್ದ ಆರ್ಲಿಯನ್ ಅವರಿಗೆ ಇಂಥದ್ದೊಂದು ನಡೆದಿದ್ದೇ ಗೊತ್ತಿರಲಿಲ್ಲ.

ನನಗೆ ಇಷ್ಟವಾದದ್ದು ಆಮೇಲಿನ ಭಾಗ. ಒದ್ದೆ ಪುಸ್ತಕಕ್ಕೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಸುಮಾರು ಎರಡು ಸಾವಿರ ಜನ ಬಂದು ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿ ಹೊರಗೆ ತಂದರು. ಸೀಗಡಿ, ತರಕಾರಿ ಇಡುವ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅವನ್ನು ಹೆಪ್ಪುಗಟ್ಟಿಸಿ ಇಟ್ಟರು. ಆ ಜನಕ್ಕೆ ಅದರಲ್ಲಿ ಒಂದು ಪುಸ್ತಕವೂ ಸ್ವಂತದ್ದಲ್ಲ, ಅಲ್ವಾ? ಕಟ್ಟಡ ಮತ್ತೆ ತೆರೆದದ್ದು 1993ರಲ್ಲಿ.

ಆರ್ಲಿಯನ್ ಈ ಪುಸ್ತಕ ಬರೆಯುತ್ತಿದ್ದಾಗ ಅವರ ಅಮ್ಮನಿಗೆ ಮರೆವಿನ ಕಾಯಿಲೆ. ಪುಸ್ತಕ ಮುಗಿದು ಅಚ್ಚಾಗುವಷ್ಟರಲ್ಲಿ ಅಮ್ಮ ಇರಲಿಲ್ಲ.

ಲೈಬ್ರರಿಗೆ ಬೆಂಕಿ ನಮ್ಮಲ್ಲೂ ಬಿದ್ದಿದೆ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ಜನರಿಗಾಗಿ ನಡೆಸುತ್ತಿದ್ದ ಗ್ರಂಥಾಲಯ ಸುಟ್ಟುಹೋಯಿತು. 11 ಸಾವಿರದಷ್ಟು ಪುಸ್ತಕಗಳಿದ್ದವು, ಹೆಚ್ಚಿನವು ಕನ್ನಡದವು. ಅವರು ಸ್ವತಃ ಶಾಲೆ ಕಲಿತವರಲ್ಲ. ದೂರದೂರದವರೆಲ್ಲ ದುಡ್ಡು ಕಳಿಸಿದರು. ಸುಟ್ಟ ಮೇಲೆ ನಮಗೆ ಎಲ್ಲಿಲ್ಲದ ಕಾಳಜಿ. ಸುಡದೆ, ಸುಮ್ನೆ ಸೊರಗುವ ಲೈಬ್ರರಿಗಳನ್ನು ಕೇಳುವವರು ಯಾರು?

ಎಲ್ಲರೂ ಎರವಲು ತಂದರೆ ಪ್ರಕಾಶಕರ ಗತಿ ಏನು ಅಂತೀರಿ. ಸ್ವಾಮಿ, ಲೈಬ್ರರಿಯೂ ಕೊಳ್ಳುತ್ತದೆ. ನಮ್ಮ ಪ್ರಕಾಶಕರು ಬಾಯಿ ಬಿಟ್ಟುಕೊಂಡು ಕಾಯುವುದೇ ಲೈಬ್ರರಿಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಗೆ. ಅದು ತಡವಾದಾಗ ಲೇಖಕರು, ಪ್ರಕಾಶಕರು ಕೂಗುತ್ತಾರೆ. ಓದುಗರು ಮಾತ್ರ ಸುಮ್ಮನಿರುತ್ತಾರೆ. ಯಾಕಂದ್ರೆ ನಾವು ಲೈಬ್ರರಿಗೆ ಕಾಲೇ ಇಡುವುದಿಲ್ಲ. ಹೊಸ ಪುಸ್ತಕ ಬಂತೋ ಇಲ್ಲವೋ ನಮಗೇನು ಗೊತ್ತಾಗಬೇಕು? ಮನೆಯ ಕಪಾಟಿನ ಫೋಟೋ ಹಾಕಿ ಲೈಕು ಎಣಿಸುತ್ತಾ ಕೂತಿರುತ್ತೇವೆ.

ದುಡ್ಡು ಮಾತ್ರ ಕಟ್ಟುತ್ತಲೇ ಇದ್ದೇವೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. ಬಾಡಿಗೆ ಮನೆಯವರೂ ಓನರ್ ಮೂಲಕ ಕೊಟ್ಟಿರುತ್ತೀರಿ. ಕಟ್ಟಿದ ದುಡ್ಡಿಗಾದರೂ ಒಂದು ಕಾರ್ಡು ಮಾಡಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಸೋಮವಾರ ಮಾತ್ರ ಬೇಡ, ಅವತ್ತು ರಜೆ.